ಹತ್ತು ಎಣಿಸಿದರೆ ಸಾಲದು

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸು ಅನ್ನುವುದು ಹಿರಿಯರ ಮಾತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳಲು ಅಷ್ಟು ಹೊತ್ತು ಸಾಕು. ಮೈ ತಣಿಯಲು ಸಾಲದು.

ಆಸ್ತಿ ಪಾಲೋ, ಮಗಳ ಮದುವೆಯೋ, ಚುನಾವಣೆಯೋ, ವಾದ ಕಾವೇರಿತೆಂದರೆ ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಹಿಂದೆಯೇ ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ. ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗೀತು. ಕಾರ್ಟಿಸಾಲ್ ಅರ್ಧಕ್ಕಿಳಿಯಲು ಸುಮಾರು ಒಂದು ಗಂಟೆ ಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಸಿಯಾಟಲ್‌ನ ಪ್ರಯೋಗಾಲಯದಲ್ಲಿ ಗಂಡ–ಹೆಂಡಿರ ಮೈಗೆ ತಂತಿ ಜೋಡಿಸಿ, ಅವರು ವಾದಿಸುವಾಗಿನ ಎದೆಬಡಿತ ಅಳೆಯುತ್ತಿದ್ದರು. ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದು ಎಂಬುದು ಅವರ ಅಂದಾಜು. ಒಮ್ಮೆ 15 ನಿಮಿಷದ ಜಗಳದ ನಂತರ, 'ಉಪಕರಣ ಸರಿಮಾಡಬೇಕು, ಈ ವಿಷಯ ಎತ್ತದೆ ಪತ್ರಿಕೆ ಓದುತ್ತಿರಿ' ಎಂದು ಅರ್ಧ ಗಂಟೆ ಕೂರಿಸಿದರು. ಮತ್ತೆ ಶುರುಮಾಡಿದಾಗ ಬಡಿತ ಇಳಿದಿತ್ತು, ಅದೇ ಜೋಡಿಗಳ ಮಾತಿನ ಧಾಟಿಯೂ ಬದಲಾಗಿತ್ತು. ಕನಿಷ್ಠ 20 ನಿಮಿಷದ ಬಿಡುವು ಬೇಕೆಂದು ಅವರು ಹೇಳುವುದು ಇದಕ್ಕೇ.

ಬಡಿತ ನೋಡುವುದು ಸುಲಭ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ. 25 ಬಂದರೆ ನಿಮಿಷಕ್ಕೆ 100. ಹೆಬ್ಬೆರಳಿನಿಂದ ಒತ್ತಬೇಡಿ, ಅದರದ್ದೇ ನಾಡಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ. ಅವರು ಬಿಗಿದ ದವಡೆಯನ್ನೋ ಏರಿದ ದನಿಯನ್ನೋ ಗುರುತಾಗಿ ಇಟ್ಟುಕೊಳ್ಳಬೇಕು.

ಹೆಚ್ಚಿನವರು ಎಡವುವುದು ಬಿಡುವು ಕೇಳುವಲ್ಲಿ. 'ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ' ಎಂದು ಬಾಗಿಲು ಬಡಿದು ಹೋದರೆ ಅದು ಬಿಡುವಲ್ಲ, ಜಗಳದ ಮುಂದಿನ ಅಂಕ. 'ನಂಗೀಗ ತಲೆ ಓಡ್ತಿಲ್ಲ ಕಣೇ, ಎಂಟೂವರೆಗೆ ಕೂತು ಮಾತಾಡೋಣ' ಅನ್ನುವುದರಲ್ಲಿ ಎರಡು ಕೆಲಸ ಆಗಿದೆ: ತಪ್ಪನ್ನು ಎದುರಿನವರ ತಲೆಗೆ ಕಟ್ಟಿಲ್ಲ, ಮರಳುವ ಗಳಿಗೆ ನಿಗದಿಯಾಗಿದೆ. ಎಂಟೂವರೆಗೆ ಬಿಡುವು ಕೇಳಿದವರೇ ಬಂದು ಕೂರಬೇಕು. ಇಲ್ಲದಿದ್ದರೆ ಅದು ಮಾತು ಬಿಟ್ಟಂತೆ. ಮೂರು ದಿನದ ಮುನಿಸಿಗೆ ವಿಜ್ಞಾನದ ಹೆಸರು ಕೊಟ್ಟಂತೆ. (ಕೈ ಎತ್ತುವ ಮನೆಗೆ ಈ ಉಪಾಯ ಒಗ್ಗದು. ಅಲ್ಲಿ ಮಹಿಳಾ ಸಹಾಯವಾಣಿ 181 ಬೇಕು.)

ಆ 20 ನಿಮಿಷ 'ಅವರು ಹೀಗಂದರೆ ನಾನು ಹಾಗನ್ನಬೇಕು' ಎಂದು ಮನಸ್ಸಿನಲ್ಲೇ ತಾಲೀಮು ನಡೆಸಿದರೆ ಬಿಡುವು ವ್ಯರ್ಥ. ದಿಂಬಿಗೆ ಗುದ್ದಿ ಸಿಟ್ಟು ಹೊರಹಾಕು ಎಂಬ ಸಲಹೆಯೂ ಸುಳ್ಳು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಕೋಪವೇ ಎಲ್ಲರಿಗಿಂತ ಹೆಚ್ಚಾಗಿ ಉಳಿಯಿತು. ಸುಮ್ಮನೆ ಕೂತವರದ್ದು ಕಡಿಮೆ. ಸೊಪ್ಪು ಬಿಡಿಸಿ, ಒಗೆದ ಬಟ್ಟೆ ಮಡಿಸಿ, ಬೀದಿಯ ಕೊನೆವರೆಗೆ ನಡೆದು ಬನ್ನಿ.

ಉಸಿರೂ ನೆರವಿಗೆ ಬರುತ್ತದೆ. ಉಸಿರೆಳೆದಾಗ ಎದೆಬಡಿತ ತುಸು ಏರಿ, ಬಿಟ್ಟಾಗ ಇಳಿಯುತ್ತದೆ. ಇಳಿಸುವ ಕೆಲಸ ಮೆದುಳಿನಿಂದ ಎದೆಗೆ ಇಳಿದು ಬರುವ ವೇಗಸ್ ನರದ್ದು. ಆದ್ದರಿಂದ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ನಿಮಿಷಕ್ಕೆ ಆರರಂತೆ ಐದು ನಿಮಿಷ. ಜೋರಾಗಿ, ಬೇಗಬೇಗ ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತೀತು, ಬೆರಳು ಜುಮುಗುಟ್ಟೀತು.

ಮರಳಿ ಕೂರುವ ಮುನ್ನ ಒಂದು ಹಾಳೆ ಹಿಡಿಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲೈ ಫಿಂಕೆಲ್ ಅವರ ತಂಡ 2013ರಲ್ಲಿ ಪ್ರಕಟಿಸಿದ, 120 ದಂಪತಿಗಳ ಅಧ್ಯಯನದಲ್ಲಿ ಅರ್ಧದಷ್ಟು ಜನ ನಾಲ್ಕು ತಿಂಗಳಿಗೊಮ್ಮೆ 7 ನಿಮಿಷ ಬರೆದರು: ಇಬ್ಬರ ಒಳಿತನ್ನೂ ಬಯಸುವ ಮೂರನೆಯವರೊಬ್ಬರಿಗೆ ನಮ್ಮ ಜಗಳ ಹೇಗೆ ಕಂಡೀತು? ಬರೆದವರ ಮನೆಯಲ್ಲೂ ಜಗಳ ಮೊದಲಿನಷ್ಟೇ ನಡೆಯಿತು. ಅದರಿಂದಾಗುವ ಸಂಕಟ ಮಾತ್ರ ಕಡಿಮೆಯಾಯಿತು.