ಬಿಲಿಯರ್ಡ್ ಚೆಂಡಿನಿಂದ ಕಾಳಿನ ರಾಶಿಗೆ

ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಚೀಲ ಸುರಿಯುವಾಗ ನಿಂತು ನೋಡಿ. ರಾಶಿ ಏರುತ್ತದೆ, ಏರುತ್ತದೆ, ಆಮೇಲೆ ಒಂದು ಬೊಗಸೆ ಕಾಳಿಗೆ ಇಡೀ ಬದಿ ಜಾರುತ್ತದೆ. ಯಾವ ಕಾಳು ಜಾರಿಸಿತು ಎಂದು ಹುಡುಕಿ ಫಲವಿಲ್ಲ, ಇಳಿಜಾರು ಮೊದಲೇ ಕಡಿದಾಗಿತ್ತು. ಯುದ್ಧಗಳನ್ನೂ ಹೀಗೇ ನೋಡಬೇಕೆನ್ನುವುದು ಸಂಕೀರ್ಣತಾ ಸಿದ್ಧಾಂತ, ಅಂದರೆ ಬಿಡಿ ಭಾಗಗಳಿಗಿಂತ ಅವು ಒಂದನ್ನೊಂದು ತಟ್ಟುವ ಬಗೆಯನ್ನು ನೋಡುವ ವಿಚಾರ.

ಇದರ ಬೇರು ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರಲ್ಲಿದೆ. ಯುದ್ಧಗಳನ್ನು ಸತ್ತವರ ಸಂಖ್ಯೆಯಿಂದ, ಭೂಕಂಪದ ಮಾಪನದಂತೆ, ಅವರು ಅಳೆದರು. ಸಾವು ಹತ್ತು ಪಟ್ಟಾದರೆ ಅಂಥ ಯುದ್ಧಗಳು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತವೆ. ಹಾಗಾಗಿ ಸರಾಸರಿ ಯುದ್ಧ ಎಂಬ ಮಾತಿಗೆ ಅರ್ಥವಿಲ್ಲ. 1953ರಲ್ಲಿ ಅವರು ತೀರಿಕೊಂಡ ಮೇಲೂ ಬಹುಕಾಲ ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳು ದೇಶಗಳನ್ನು ಬಿಲಿಯರ್ಡ್ ಚೆಂಡುಗಳೆಂದೇ, ಅಂದರೆ ಒಳಗೆ ಬದಲಾಗದೆ ಹೊರಗೆ ಡಿಕ್ಕಿ ಹೊಡೆಯುವ ಗಟ್ಟಿ ಉಂಡೆಗಳೆಂದೇ ಎಣಿಸಿದವು. 1991ರಲ್ಲಿ ಸೋವಿಯತ್ ಒಕ್ಕೂಟ ಕಳಚಿಬಿದ್ದಾಗ, ಆ ಸಿದ್ಧಾಂತಗಳು ಅದನ್ನು ಮೊದಲೇ ಕಾಣಲಿಲ್ಲವೆಂದು ಇತಿಹಾಸಕಾರ ಜಾನ್ ಲೂಯಿಸ್ ಗ್ಯಾಡಿಸ್ ನೇರವಾಗಿ ಬರೆದರು.

ಅಷ್ಟರಲ್ಲಿ ಭೌತವಿಜ್ಞಾನಿ ಪರ್ ಬಾಕ್ ಮತ್ತು ಸಂಗಡಿಗರು 1987ರಲ್ಲಿ ಮರಳರಾಶಿಯ ಮಾದರಿ ಕೊಟ್ಟಿದ್ದರು: ಚೌಕದ ಮೇಲೆ ಒಂದೊಂದೇ ಕಾಳು ಹಾಕಿ, ಮನೆಯೊಂದರಲ್ಲಿ ನಾಲ್ಕಾದರೆ ಸುತ್ತಲ ನಾಲ್ಕು ಮನೆಗೆ ಒಂದೊಂದು ಹಂಚಿ. ಆಗ ಕುಸಿತಗಳಲ್ಲೂ ಚಿಕ್ಕವು ಹೆಚ್ಚು, ದೊಡ್ಡವು ವಿರಳ. 2003ರಲ್ಲಿ ರಾಜಕೀಯ ವಿಜ್ಞಾನಿ ಲಾರ್ಸ್ ಎರಿಕ್ ಸೆಡರ್‌ಮನ್ ಕಂಪ್ಯೂಟರಿನಲ್ಲಿ ಮನೆಗಳ ಜಾಗಕ್ಕೆ ರಾಜ್ಯಗಳನ್ನು ಇಟ್ಟರು. ಪ್ರತಿ ರಾಜ್ಯವೂ ತನ್ನ ಬಲವನ್ನು ಗಡಿಗಳಿಗೆ ಹಂಚುತ್ತದೆ. ಒಂದು ಗಡಿಗೆ ಬಲ ಸರಿದರೆ ಇನ್ನೊಂದು ತೆಳುವಾಗುತ್ತದೆ, ಆಗ ಮೂರನೆಯವನು ನುಗ್ಗುತ್ತಾನೆ. ಯುದ್ಧಗಳ ಗಾತ್ರದಲ್ಲಿ ರಿಚರ್ಡ್‌ಸನ್ ಕಂಡ ಹಂಚಿಕೆಯೇ ಮತ್ತೆ ಮೂಡಿತು. ಆದರೆ ತಂತ್ರಜ್ಞಾನದ ಬೆಳವಣಿಗೆಯನ್ನೋ ನೆರೆಯ ಜಗಳಕ್ಕೆ ಎಚ್ಚರಗೊಳ್ಳುವ ನಿಯಮವನ್ನೋ ತೆಗೆದರೆ ಅದು ಕೆಡುತ್ತದೆ. ಮಾದರಿಯನ್ನು ಕುರುಡಾಗಿ ನಂಬಬಾರದು ಎನ್ನುವುದು ಅದಕ್ಕೇ. 1996ರಲ್ಲಿ ನಿಜವಾದ ಅಕ್ಕಿ ರಾಶಿಯಲ್ಲಿ ಪರೀಕ್ಷಿಸಿದಾಗಲೂ ಉದ್ದ ಕಾಳು ಈ ಲೆಕ್ಕಕ್ಕೆ ಬಗ್ಗಿತು, ದುಂಡು ಕಾಳು ಬಗ್ಗಲಿಲ್ಲ.

ನನ್ನ ಮಟ್ಟಿಗೆ ಈ ನೋಟ ಯುದ್ಧಕ್ಕಿಂತ ವ್ಯಾಪಾರ ಸಂಬಂಧಗಳಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಯಿತು. 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ಖರೀದಿ ಒಪ್ಪಂದ ಮಾಡಿಕೊಂಡಿತು. ಅದೇ ಮುಂಗಾರಿನಲ್ಲಿ ಇಲ್ಲಿನ ರೈತರೂ ಹೆಚ್ಚು ಬಿತ್ತಿದರು. ಎರಡೂ ನಿರ್ಧಾರ ತಮ್ಮಷ್ಟಕ್ಕೆ ಸರಿಯೇ. ಆದರೆ ಬಿತ್ತನೆಗೂ ರಾಶಿಗೂ ನಡುವೆ ಆರು ತಿಂಗಳಿದೆ, ಬೆಲೆಯ ಸುದ್ದಿ ಅಷ್ಟು ತಡವಾಗಿ ತಿರುಗಿ ಬರುತ್ತದೆ. ರಾಶಿಯ ಹೊತ್ತಿಗೆ ಮಾರುಕಟ್ಟೆಯಲ್ಲಿ ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿತ್ತು. 2017ರ ಆಗಸ್ಟ್‌ನಲ್ಲಿ ಭಾರತ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಭಾರತವನ್ನೇ ನಂಬಿ ಬಿತ್ತಿದ್ದ ಮೊಜಾಂಬಿಕ್‌ ರೈತರ ತೊಗರಿಗೂ ಬೆಲೆ ಬಿತ್ತು.