ಗಂಭೀರ ಕೋವಿಡ್ ರೋಗಿಗಳ ಬಿಳಿ ರಕ್ತಕಣಗಳಲ್ಲಿ ನಡೆದದ್ದೇನು?

2020ರ ಮೊದಲ ತಿಂಗಳುಗಳಲ್ಲಿ ಕೋವಿಡ್‌ನಿಂದ ವೆಂಟಿಲೇಟರ್ ಹಂತ ತಲುಪಿದವರ ಬಗ್ಗೆ ವೈದ್ಯರೂ ಪತ್ರಿಕೆಗಳೂ ಹೆಚ್ಚಾಗಿ ಕೊಡುತ್ತಿದ್ದ ವಿವರಣೆ ‘ಸೈಟೊಕೈನ್ ಬಿರುಗಾಳಿ’. ಸೈಟೊಕೈನ್ ಎಂದರೆ ರೋಗನಿರೋಧಕ ಕೋಶಗಳು ಪರಸ್ಪರ ಸಂಕೇತ ಕಳಿಸಲು ಹೊರಸೂಸುವ ಪ್ರೋಟೀನ್. ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಕೆರಳಿ, ವೈರಸ್ಸಿಗಿಂತ ಹೆಚ್ಚಿನ ಹಾನಿಯನ್ನು ತಾನೇ ಮಾಡುತ್ತದೆ ಎಂಬುದು ಅದರ ತಿರುಳು. ಅದೇ ವರ್ಷ ಈ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಯಾವ ಜೀನ್‌ಗಳು ಸಕ್ರಿಯವಾಗಿವೆ ಎಂದು ಪರೀಕ್ಷಿಸಿದವರಿಗೆ ಕಂಡ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಕೆಲವು ಕಣಗಳು ಕೆರಳಿದ್ದವು ನಿಜ. ಆದರೆ ಇನ್ನು ಕೆಲವು ತಮ್ಮ ಮುಖ್ಯ ಕೆಲಸವನ್ನೇ ಕೈಬಿಟ್ಟಂತಿದ್ದವು, ಮತ್ತು ಸೋಂಕಿನ ಆರಂಭದಲ್ಲೇ ಬರಬೇಕಿದ್ದ ಎಚ್ಚರಿಕೆಯ ಸಂಕೇತ ಹಲವರಲ್ಲಿ ತೀರ ದುರ್ಬಲವಾಗಿತ್ತು.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಸುಮಾರು 20,000 ಪ್ರೋಟೀನ್‌ಗಳ ಮಾಹಿತಿಯುಳ್ಳ ಅದೇ ಡಿಎನ್‌ಎ ಇರುತ್ತದೆ. ಒಂದು ಕೋಶ ಈ ಹೊತ್ತಿನಲ್ಲಿ ಯಾವ ಜೀನನ್ನು ಬಳಸುತ್ತಿದೆ ಎಂಬುದು ಅದರಲ್ಲಿರುವ ಆರ್‌ಎನ್‌ಎ ಪ್ರತಿಗಳಿಂದ ತಿಳಿಯುತ್ತದೆ. ಹಿಂದೆ ರಕ್ತದ ಎಲ್ಲ ಕೋಶಗಳ ಆರ್‌ಎನ್‌ಎಯನ್ನು ಒಟ್ಟಿಗೆ ಅಳೆಯುತ್ತಿದ್ದುದರಿಂದ ಸಿಗುತ್ತಿದ್ದುದು ಸರಾಸರಿ ಮಾತ್ರ. ಒಂದು ಜೀನಿನ ಪ್ರಮಾಣ ಹೆಚ್ಚಿದರೆ, ಕೋಶಗಳು ಬದಲಾದವೋ ಅಥವಾ ಅಂಥ ಕೋಶಗಳ ಸಂಖ್ಯೆಯೇ ಹೆಚ್ಚಿತೋ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಈಗ ಒಂದೊಂದು ಕೋಶವನ್ನೂ ಸೂಕ್ಷ್ಮ ಹನಿಯೊಂದರಲ್ಲಿ ಬಂಧಿಸಿ, ಅದರ ಆರ್‌ಎನ್‌ಎಗೆ ಪ್ರತ್ಯೇಕ ಗುರುತು ಅಂಟಿಸಿ, ಸಾವಿರಾರು ಕೋಶಗಳನ್ನು ಬೇರೆ ಬೇರೆಯಾಗಿ ಓದಬಹುದು.

ಹೀಗೆ ಓದಿದ ಮೊದಲ ಅಧ್ಯಯನಗಳಲ್ಲೊಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಆಸ್ಪತ್ರೆ ಸೇರಿದ್ದ ಕೇವಲ ಏಳು ರೋಗಿಗಳು, ಹೋಲಿಕೆಗೆ ಆರು ಆರೋಗ್ಯವಂತರು. ಸಂಖ್ಯೆ ಚಿಕ್ಕದು, ಆದರೆ ಕಂಡದ್ದು ಮುಖ್ಯ: ರಕ್ತದಲ್ಲಿ ಹರಿಯುತ್ತಿದ್ದ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಾದ ಮಾನೊಸೈಟ್‌ಗಳು ಉರಿಯೂತದ ಸೈಟೊಕೈನ್‌ಗಳ ಜೀನ್‌ಗಳನ್ನು ಹೇಳಿಕೊಳ್ಳುವಷ್ಟು ಬಳಸುತ್ತಿರಲಿಲ್ಲ. ಅದರ ಬದಲು, ವೈರಸ್ಸಿನ ತುಣುಕುಗಳನ್ನು, ಸೋಂಕಿತ ಕೋಶಗಳನ್ನು ಗುರುತಿಸಿ ಹೋರಾಡುವ ಟಿ-ಕೋಶಗಳಿಗೆ ತೋರಿಸಲು ಬೇಕಾದ ಎಚ್‌ಎಲ್‌ಎ ಗುಂಪಿನ ಜೀನ್‌ಗಳು ಕುಗ್ಗಿದ್ದವು. ತುಣುಕು ತೋರಿಸುವವರೇ ಸುಮ್ಮನಾದರೆ ಟಿ-ಕೋಶಗಳಿಗೆ ಗುರಿ ತಿಳಿಯುವುದು ತಡವಾಗುತ್ತದೆ. ಬ್ಯಾಕ್ಟೀರಿಯಾ ಸೋಂಕು ಉಲ್ಬಣಿಸಿ ಸೆಪ್ಸಿಸ್ ಆದವರಲ್ಲಿ ಇದೇ ಕುಗ್ಗುವಿಕೆಯನ್ನು ತೀವ್ರ ನಿಗಾ ಘಟಕದ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು.

ಜರ್ಮನಿಯ ಬಾನ್ ಮತ್ತು ಬರ್ಲಿನ್ ನಗರಗಳ ಸಂಶೋಧಕರು ಮಾನೊಸೈಟ್‌ಗಳಲ್ಲಿ ಇದನ್ನೇ ಕಂಡರಲ್ಲದೆ ನ್ಯೂಟ್ರೊಫಿಲ್‌ಗಳ ಕಥೆಯನ್ನೂ ಸೇರಿಸಿದರು. ಬಿಳಿ ರಕ್ತಕಣಗಳಲ್ಲಿ ಇವುಗಳ ಪಾಲೇ ದೊಡ್ಡದು. ಆದರೂ ಅನೇಕ ಅಧ್ಯಯನಗಳಲ್ಲಿ ಇವು ಕಾಣುವುದೇ ಇಲ್ಲ, ಏಕೆಂದರೆ ಇವು ಬಹಳ ನಾಜೂಕು, ಇವುಗಳಲ್ಲಿ ಆರ್‌ಎನ್‌ಎ ಕಡಿಮೆ, ಮತ್ತು ರಕ್ತವನ್ನು ಬೇರ್ಪಡಿಸಿ ಶೈತ್ಯೀಕರಿಸುವ ವಾಡಿಕೆಯ ವಿಧಾನದಲ್ಲಿ ಬಹುಪಾಲು ಕಳೆದುಹೋಗುತ್ತವೆ. ಪೂರ್ಣ ರಕ್ತವನ್ನೇ ಬಳಸಿ ನೋಡಿದಾಗ, ತೀವ್ರ ರೋಗಿಗಳ ಅಸ್ಥಿಮಜ್ಜೆ ಒತ್ತಡಕ್ಕೆ ಸಿಕ್ಕಿ ಇನ್ನೂ ಬಲಿಯದ ನ್ಯೂಟ್ರೊಫಿಲ್‌ಗಳನ್ನು ರಕ್ತಕ್ಕೆ ಬಿಡುತ್ತಿರುವುದು ಸ್ಪಷ್ಟವಾಯಿತು. ವಿಧಾನ ಬದಲಾದರೆ ರೋಗದ ಚಿತ್ರವೇ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಇನ್ನು ಎಚ್ಚರಿಕೆಯ ಸಂಕೇತ. ವೈರಸ್ ಹೊಕ್ಕ ಕೋಶ ಮೊದಲು ಹೊರಸೂಸುವುದು ಒಂದನೇ ಬಗೆಯ ಇಂಟರ್‌ಫೆರಾನ್. ಅದು ಸುತ್ತಲಿನ ಕೋಶಗಳಲ್ಲಿ ನೂರಾರು ವೈರಸ್‌ ನಿರೋಧಕ ಜೀನ್‌ಗಳನ್ನು ಎಚ್ಚರಿಸುತ್ತದೆ. ಪ್ಯಾರಿಸ್‌ನ ತಂಡವೊಂದು 50 ರೋಗಿಗಳನ್ನು ಪರೀಕ್ಷಿಸಿ, ಗಂಭೀರ ಸ್ಥಿತಿಯವರಲ್ಲಿ ಇದರ ಪರಿಣಾಮ ಬಹಳ ಕ್ಷೀಣವಾಗಿರುವುದನ್ನು 2020ರಲ್ಲಿ ವರದಿ ಮಾಡಿತು. ಹಾಗಾದರೆ ಇಂಟರ್‌ಫೆರಾನ್ ಕೊಟ್ಟರೆ ಸಾಕಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಾಲಿಡಾರಿಟಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆ ಹೊತ್ತಿಗೆ ಇಂಟರ್‌ಫೆರಾನ್ ಉಪಯೋಗಕ್ಕೆ ಬರುವ ಹಂತ ದಾಟಿರುತ್ತದೆ ಎಂಬುದು ಸಂಭವನೀಯ ಕಾರಣ. ಬ್ರಿಟನ್ನಿನ ರಿಕವರಿ ಪ್ರಯೋಗವೂ ಕಾಲದ ಮಹತ್ವವನ್ನೇ ತೋರಿಸುತ್ತದೆ: ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಪಡೆದ ವೆಂಟಿಲೇಟರ್ ರೋಗಿಗಳಲ್ಲಿ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು, ಆಮ್ಲಜನಕವೇ ಬೇಕಿರದವರಿಗೆ ಅದೇ ಔಷಧ ನೆರವಾಗಲಿಲ್ಲ.

ಈ ಫಲಿತಾಂಶಗಳನ್ನು ಓದುವಾಗ ಎರಡು ಮಿತಿಗಳು ನೆನಪಿರಬೇಕು. ರಕ್ತದಲ್ಲಿ ಕಂಡದ್ದು ಶ್ವಾಸಕೋಶದಲ್ಲಿ ನಡೆಯುವುದಕ್ಕೆ ಸಮನಲ್ಲ, ಮತ್ತು ಆರ್‌ಎನ್‌ಎ ಇದ್ದ ಮಾತ್ರಕ್ಕೆ ಪ್ರೋಟೀನ್ ಅಷ್ಟೇ ಇದೆ ಎನ್ನಲಾಗದು.

ಇಂಟರ್‌ಫೆರಾನ್ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಒಂದು ಭಾಗದ ಉತ್ತರ ಜೀನ್‌ಗಳ ಆಚೆ ಸಿಕ್ಕಿತು. ಪ್ರಾಣಾಪಾಯದಲ್ಲಿದ್ದ 987 ಕೋವಿಡ್ ರೋಗಿಗಳಲ್ಲಿ 101 ಮಂದಿಯ ದೇಹ ತನ್ನದೇ ಇಂಟರ್‌ಫೆರಾನನ್ನು ತಡೆಯುವ ಪ್ರತಿಕಾಯಗಳನ್ನು ಹೊಂದಿತ್ತು; ಅವರಲ್ಲಿ 95 ಮಂದಿ ಗಂಡಸರು. ಲಕ್ಷಣಗಳಿಲ್ಲದ ಅಥವಾ ಸೌಮ್ಯ ಸೋಂಕಿನ 663 ಜನರಲ್ಲಿ ಒಬ್ಬರಲ್ಲೂ ಅವು ಇರಲಿಲ್ಲ. ಮುಂದೆ ಇನ್‌ಫ್ಲುಯೆಂಜಾದಿಂದ ಗಂಭೀರ ನ್ಯುಮೋನಿಯಾ ಆದವರಲ್ಲಿಯೂ ಸುಮಾರು ಶೇ 5ರಷ್ಟು ಜನರಲ್ಲಿ ಇಂಥ ಪ್ರತಿಕಾಯಗಳು ಪತ್ತೆಯಾದವು.