ಚಳಿಗೆ ಕೋಳಿಗಳ ಆವರಣವನ್ನು ಪೂರ್ತಿ ಮುಚ್ಚಬೇಕೇ?

ಪ್ರಶ್ನೆ: ನಮ್ಮದು ಬೀದರ್ ಕಡೆಯ ಹಳ್ಳಿ. ಹಿತ್ತಲಿನಲ್ಲಿ ತಂತಿ ಬಲೆ ಕಟ್ಟಿ ನಾಟಿ ಕೋಳಿ ಸಾಕಿದ್ದೇವೆ. ಚಳಿ ಜೋರಾಗುತ್ತಿದೆ. ರಾತ್ರಿ ನಾಲ್ಕೂ ಕಡೆ ತಾಡಪತ್ರಿ ಕಟ್ಟಿಬಿಡಬೇಕೇ?

ಉತ್ತರ: ಬೇಡ. ಗಾಳಿ ಬಡಿಯುವ ಕಡೆ ಮಾತ್ರ ಕಟ್ಟಿ, ಅದನ್ನೂ ಸೂರಿಗೆ ತಾಗಿಸಬೇಡಿ.

ನಿಮ್ಮ ಭಾಗದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ನಮಗೆ ಕಂಬಳಿ ಬೇಕೆನಿಸುತ್ತದೆ, ಕೋಳಿಗೂ ಬೇಕೇನೋ ಎಂದು ಮನಸ್ಸು ಕರಗುತ್ತದೆ. ಆದರೆ ಬೆಳೆದ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕುಳಿತಿತೆಂದರೆ ಅದರ ಕಂಬಳಿ ಅದರ ಮೈಮೇಲೆಯೇ ಇದೆ. ಆ ಪುಕ್ಕ ಒದ್ದೆಯಾದರೆ, ಇಲ್ಲವೇ ನೇರ ಗಾಳಿ ಹೊಡೆದು ಕೆದರಿದರೆ ಮಾತ್ರ ಚಳಿ ಒಳಗಿಳಿಯುತ್ತದೆ.

ಪೂರ್ತಿ ಮುಚ್ಚಿದಾಗ ಆಗುವುದು ಅದೇ, ಒದ್ದೆ. ಕೋಳಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ಜೊತೆಗೆ ರಾತ್ರಿಯಿಡೀ ಬಿಡುವ ಉಸಿರಿನ ತೇವ. ಬೆಳಿಗ್ಗೆ ತಾಡಪತ್ರಿಯ ಒಳಮೈಯನ್ನು ಕೈಯಿಂದ ಸವರಿ ನೋಡಿ. ಹನಿ ಕಟ್ಟಿದ್ದರೆ ಗಾಳಿ ಸಾಲದು ಎಂದೇ ಅರ್ಥ. ಹಾಗೆಯೇ ಬಗ್ಗಿ, ಕೋಳಿಯ ಎತ್ತರಕ್ಕೆ ಮುಖ ತಂದು ಉಸಿರೆಳೆಯಿರಿ. ಕಣ್ಣು ಚುರುಗುಟ್ಟಿದರೆ ಅದು ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ. ನಿಂತುಕೊಂಡ ನಮಗೆ ಗೊತ್ತಾಗದ ಈ ಘಾಟು ನೆಲದ ಬಳಿ ಇರುವ ಕೋಳಿಯ ಶ್ವಾಸನಾಳವನ್ನು ಸುಡುತ್ತದೆ. 'ಚಳಿಗೆ ನೆಗಡಿಯಾಗಿದೆ' ಎಂದು ದೂರುವ ಎಷ್ಟೋ ಮನೆಗಳಲ್ಲಿ ತಪ್ಪು ಚಳಿಯದ್ದಲ್ಲ, ಹೊದಿಕೆಯದ್ದು.

ಚಳಿಗಾಲದಲ್ಲಿ ನಿಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಪೂರ್ವ, ಉತ್ತರದ ಎರಡು ಬದಿ ನೆಲದಿಂದ ಕಟ್ಟಿ, ಸೂರಿನ ಕೆಳಗೆ ಒಂದು ಗೇಣು ಬಿಡಿ. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಬದಿ ತೆರೆದಿರಲಿ. ಬಿಸಿಲೇರಿದ ಕೂಡಲೇ ಪೂರ್ವದ ಪರದೆಯನ್ನೂ ಸುತ್ತಿ ಮೇಲೆ ಕಟ್ಟಿ. ನನ್ನನ್ನು ಕೇಳಿದರೆ ತಾಡಪತ್ರಿಗಿಂತ ತೊಗರಿ ಕಟ್ಟಿಗೆಯ ತಟ್ಟಿ ಮೇಲು. ಅದು ಗಾಳಿಯ ರಭಸ ಮುರಿಯುತ್ತದೆ, ಉಸಿರಾಟಕ್ಕೂ ಬಿಡುತ್ತದೆ, ಖರ್ಚೂ ಇಲ್ಲ.

ನೆಲಕ್ಕೆ ಮೂರು ನಾಲ್ಕು ಇಂಚು ಶೇಂಗಾ ಸಿಪ್ಪೆ ಅಥವಾ ಭತ್ತದ ಹೊಟ್ಟು ಹರಡಿ, ಆಗಾಗ ಕೆದಕುತ್ತಿರಿ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು, ಅದರ ಸುತ್ತ ಒದ್ದೆಯಾಗಿ ಗಟ್ಟಿಕಟ್ಟಿದ ಹೊಟ್ಟನ್ನು ತೆಗೆದುಹಾಕಿ. ಕೂರುವ ಅಡ್ಡಗೋಲು ಕಬ್ಬಿಣದ ಪೈಪ್ ಆಗಿದ್ದರೆ ಬದಲಿಸಿ. ಎರಡು ಇಂಚು ಅಗಲದ ಮರದ ಪಟ್ಟಿಯ ಮೇಲೆ ಕೋಳಿ ತನ್ನ ಬೆರಳುಗಳನ್ನು ಎದೆಯ ಪುಕ್ಕದಡಿ ಮುಚ್ಚಿಕೊಂಡು ಕೂರುತ್ತದೆ. ಸಂಜೆ ಗೂಡು ಸೇರುವ ಮುನ್ನ ಒಂದಷ್ಟು ಜೋಳ ಎರಚಿ.

ಬಲ್ಬ್ ಹಾಕಬೇಕೇ ಎಂದೂ ಹಲವರು ಕೇಳುತ್ತಾರೆ. ದೊಡ್ಡ ಕೋಳಿಗೆ ಕಾವಿನ ಬಲ್ಬ್ ಬೇಕಿಲ್ಲ. ಮೊಟ್ಟೆ ಕಡಿಮೆಯಾಗುವುದಕ್ಕೂ ಚಳಿಗಿಂತ ಹಗಲು ಕುಗ್ಗುವುದೇ ದೊಡ್ಡ ಕಾರಣ: ಚೆನ್ನಾಗಿ ಮೊಟ್ಟೆಯಿಡಲು 14 ಗಂಟೆಯಾದರೂ ಬೆಳಕು ಬೇಕು, ಡಿಸೆಂಬರಿನಲ್ಲಿ ಸಿಗುವುದು ಸುಮಾರು 11. ಮರಿಗಳ ಮಾತು ಬೇರೆ. ಮೊದಲ ವಾರ ಅವುಗಳಿಗೆ 35 ಡಿಗ್ರಿಯಷ್ಟು ಕಾವು ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬರಬಹುದು. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಕಾವು ಸಾಲದು, ಮೂಲೆಗೆ ಓಡಿದ್ದರೆ ಹೆಚ್ಚಾಯಿತು. ಕೆಂಡದ ಬಾಣಲೆಯನ್ನು ಮಾತ್ರ ಮುಚ್ಚಿದ ಗೂಡಿನೊಳಗೆ ಇಡಲೇಬೇಡಿ. ವಿಷಗಾಳಿಗೆ ರಾತ್ರೋರಾತ್ರಿ ಎಲ್ಲವೂ ಸಾಯಬಹುದು.

ಇಷ್ಟೆಲ್ಲ ಮಾಡಿಯೂ ಕೋಳಿ ತೂಕಡಿಸುತ್ತಾ, ಹಸಿರು ಬಣ್ಣದ ಹಿಕ್ಕೆ ಹಾಕುತ್ತಾ, ಕತ್ತು ತಿರುಚತೊಡಗಿದರೆ ಅದನ್ನು ಚಳಿಯ ಲೆಕ್ಕಕ್ಕೆ ಬರೆಯಬೇಡಿ. ರಾಣಿಖೇತ್ ರೋಗದ ಲಕ್ಷಣವದು. ಆ ಕೋಳಿಯನ್ನು ಕೂಡಲೇ ಬೇರ್ಪಡಿಸಿ, ಪಶು ಆಸ್ಪತ್ರೆಗೆ ತಿಳಿಸಿ. ಲಸಿಕೆ ಹಾಕಿಸಿಲ್ಲದಿದ್ದರೆ ಉಳಿದ ಕೋಳಿಗಳ ಬಗ್ಗೆಯೂ ಅಲ್ಲಿಯೇ ಕೇಳಿ.